ದಕ್ಷಿಣ ಗೋಬಿಯ ಜೀಪ್ ಪ್ರವಾಸ: ಒಂದು ವಿಮರ್ಶೆ

ಮಂಗೋಲಿಯಾದ ಓಮ್ನೊಗೋವಿ ಪ್ರಾಂತ್ಯದಲ್ಲಿ, ಅದರ ರಾಜಧಾನಿ ದಲಂಜದ್ಗದ್‌ನಿಂದ ಹೊರಡುವ ನಾಲ್ಕು ದಿನಗಳ ಈ ಜೀಪ್ ಪ್ರವಾಸದ ನಿಜವಾದ ಬಲ ಚಾಲಕರ ದಾರಿಜ್ಞಾನ. ಸುಮಾರು 1,65,000 ಚದರ ಕಿಲೋಮೀಟರ್ ಹರಡಿಕೊಂಡಿದ್ದರೂ ಒಂದು ಲಕ್ಷಕ್ಕಿಂತ ಕಡಿಮೆ ಜನರಿರುವ ಈ ಸೀಮೆಯಲ್ಲಿ, ಡಾಂಬರು ಮುಗಿದ ಮೇಲೆ ದೂರದ ಬೆಟ್ಟಸಾಲುಗಳೇ ಗುರುತು. ಗೋಬಿಯೆಂದರೆ ಬರೀ ಮರಳೆಂದು ಭಾವಿಸಿದ್ದ ನನಗೆ, ಗಂಟೆಗಟ್ಟಲೆ ಸಾಗಿದ ಕಲ್ಲುಹರಳಿನ ಬಯಲೂ, ಬೇಸಿಗೆಯ ಆರಂಭದಲ್ಲೂ ಮಂಜುಗಡ್ಡೆ ಕರಗದ ಯೋಲಿನ್ ಆಮ್ ಕಮರಿಯೂ ಹೊಸ ಪಾಠವಾದವು. ಹೊಂಗೋರ್ ಮರಳುದಿಬ್ಬಗಳ ಮೇಲಿನ ಸೂರ್ಯಾಸ್ತವೊಂದೇ ಪ್ರಯಾಣದ ಆಯಾಸವನ್ನು ಮರೆಸುವಂತಿತ್ತು.

ಪಶುಪಾಲಕರ ಗೆರ್ ಗುಡಾರದಲ್ಲಿ, ಮೇಕೆಗಳ ಕಶ್ಮೀರಿ ಉಣ್ಣೆಯನ್ನು ವಸಂತದಲ್ಲಿ ಬಾಚಿ ತೆಗೆಯುವ ಬಗೆಯನ್ನೂ ಎರಡು ಡುಬ್ಬದ ಒಂಟೆಗಳ ಸಾಕಣೆಯನ್ನೂ ಮಾರ್ಗದರ್ಶಕರು ತಾಳ್ಮೆಯಿಂದ ವಿವರಿಸಿದರು. ಗಣಿಗಳ ವಿಷಯಕ್ಕೆ ಬಂದಾಗ ಮಾತ್ರ ಅವರ ವಿವರಣೆ ತೀರಾ ತೆಳುವಾಯಿತು. 2023ರಲ್ಲಿ ಭೂಗತ ಉತ್ಪಾದನೆ ಆರಂಭಿಸಿದ ಓಯು ತೋಲ್ಗೋಯ್ ತಾಮ್ರದ ಗಣಿ, ತವಾನ್ ತೋಲ್ಗೋಯ್ ಕಲ್ಲಿದ್ದಲು, ಅದನ್ನು ಚೀನಾದ ಗಡಿಯತ್ತ ಒಯ್ಯಲು 2022ರಲ್ಲಿ ತೆರೆದ ರೈಲುಮಾರ್ಗ ಇವುಗಳನ್ನು ಬಿಟ್ಟು ಈ ಪ್ರಾಂತ್ಯದ ಇಂದಿನ ಬದುಕು ಅರ್ಥವಾಗುವುದಿಲ್ಲ. ಮೇವು ಮತ್ತು ನೀರನ್ನೇ ನಂಬಿದ ಪಶುಪಾಲಕರಿಗೆ ಗಣಿಗಾರಿಕೆಯೊಂದಿಗಿರುವ ಸಂಬಂಧವನ್ನು ಆಯೋಜಕರು ಅರ್ಧ ದಿನವಾದರೂ ಮೀಸಲಿಟ್ಟು ತಿಳಿಸಬೇಕು.