ಡೇಟಾಶೀಟಿನ ನ್ಯಾನೊಸೆಕೆಂಡ್ ನಂಬಿ ಸ್ವಿಚ್ ಕೊಳ್ಳಬೇಡಿ

ಅಷ್ಟಾಗಿ ಹೆಸರು ಕೇಳಿರದ ಕಂಪನಿಗಳ "ಲೋ ಲೇಟೆನ್ಸಿ" (ಡೇಟಾ ದಾಟಿಸಲು ತೀರ ಕಡಿಮೆ ಹೊತ್ತು ತೆಗೆದುಕೊಳ್ಳುವ) ನೆಟ್‌ವರ್ಕ್ ಸ್ವಿಚ್‌ಗಳ ಕೊಟೇಶನ್ ಈಗ ಮುಂಬೈ, ಪುಣೆ ಕಡೆ ಓಡಾಡುತ್ತಿದೆ. ಹಿಂಜವಡಿಯಲ್ಲಿ ಕೆಲಸ ಮಾಡುವ ಧಾರವಾಡದ ಗೆಳೆಯರೊಬ್ಬರು ಮೊನ್ನೆ ಒಂದನ್ನು ಕಳಿಸಿ, "ಇದು ಹೆಂಗೈತಿ ನೋಡ್ರಿ" ಅಂದರು. ನೋಡಿದರೆ ನಮ್ಮ ಕಚೇರಿಯನ್ನು ತಿಂಗಳುಗಟ್ಟಲೆ ಕಾಡಿದ ಅದೇ ಮಾಡೆಲ್. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಕಂಪನಿಯ ಹೆಸರು ಹಾಕುವುದಿಲ್ಲ. ಅವರು ಮಾರುವ ರೀತಿ ನಿಮಗೆ ಗೊತ್ತಾಗಬೇಕು, ಯಾಕೆಂದರೆ ಅದೇ ರೀತಿ ನಾಳೆ ಬೇರೆ ಹೆಸರಿನಲ್ಲೂ ಬರುತ್ತದೆ.

ನಾನು ಮುಂಬೈನ ಒಂದು ಟ್ರೇಡಿಂಗ್ ಸಂಸ್ಥೆಯಲ್ಲಿ ನೆಟ್‌ವರ್ಕ್ ನೋಡಿಕೊಳ್ಳುತ್ತೇನೆ. ಎಕ್ಸ್‌ಚೇಂಜ್‌ನಿಂದ ನಮಗೆ ಟಿಕ್ ಬೈ ಟಿಕ್ ಡೇಟಾ (ಪ್ರತಿ ಆರ್ಡರ್, ಪ್ರತಿ ವಹಿವಾಟಿನ ವಿವರ) ಮಲ್ಟಿಕಾಸ್ಟ್‌ನಲ್ಲಿ, ಅಂದರೆ ಒಂದೇ ಸಲ ಹಲವರಿಗೆ ಕಳಿಸುವ ರೀತಿಯಲ್ಲಿ, ಬರುತ್ತದೆ. ಅದು ಯುಡಿಪಿ, ತಲುಪಿತೇ ಎಂದು ವಿಚಾರಿಸದೆ ಕಳಿಸುವ ವಿಧಾನ. ಒಂದು ಪ್ಯಾಕೆಟ್ (ಡೇಟಾದ ತುಣುಕು) ಬಿದ್ದುಹೋದರೆ ತಾನಾಗಿ ಮತ್ತೆ ಬರುವುದಿಲ್ಲ. ಹೀಗಿರುವ ಜಾಗಕ್ಕೆ ಮಾರಾಟಗಾರರು ಮೂರು ಮಾತು ಕೊಟ್ಟರು: ಲೇಟೆನ್ಸಿ ಒಂದು ಮೈಕ್ರೊಸೆಕೆಂಡ್‌ಗಿಂತ ಕಡಿಮೆ, ಬೆಲೆ ದೊಡ್ಡ ಕಂಪನಿಗಳಿಗಿಂತ ಬಹಳ ಕಡಿಮೆ, ಕೆಟ್ಟರೆ ಬದಲಿ ಪೆಟ್ಟಿಗೆ ಮುಂಬೈನಲ್ಲೇ ರೆಡಿ. ಬೆಲೆಯ ಮಾತೊಂದೇ ನಿಜವಾಗಿತ್ತು.

ಮೊದಲು ಲೇಟೆನ್ಸಿ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಮೋಸ ಇರುವುದೇ ಇಲ್ಲಿ. ಸ್ವಿಚ್‌ಗಳು ಎರಡು ತರ. ಕಟ್-ಥ್ರೂ ಸ್ವಿಚ್ ಪ್ಯಾಕೆಟ್‌ನ ತಲೆಭಾಗ ಓದಿದ ತಕ್ಷಣ ಮುಂದಕ್ಕೆ ಕಳಿಸಲು ಶುರು ಮಾಡುತ್ತದೆ. ಸ್ಟೋರ್ ಅಂಡ್ ಫಾರ್ವರ್ಡ್ ಸ್ವಿಚ್ ಇಡೀ ಪ್ಯಾಕೆಟ್ ಒಳಗೆ ಬರುವ ತನಕ ಕಾಯುತ್ತದೆ. 10 ಜಿಬಿಪಿಎಸ್ (ಸೆಕೆಂಡಿಗೆ 1,000 ಕೋಟಿ ಬಿಟ್) ವೇಗದಲ್ಲಿ 64 ಬೈಟ್ ಒಳಗೆ ಬರಲು ಸುಮಾರು 51 ನ್ಯಾನೊಸೆಕೆಂಡ್ ಸಾಕು. 1,500 ಬೈಟ್‌ಗೆ 1,200 ನ್ಯಾನೊಸೆಕೆಂಡ್, ಅಂದರೆ 1.2 ಮೈಕ್ರೊಸೆಕೆಂಡ್ ಬೇಕು. ಬೆಳಕು ಫೈಬರ್‌ನಲ್ಲಿ ಒಂದು ಮೀಟರ್ ಹೋಗಲು ಸುಮಾರು 5 ನ್ಯಾನೊಸೆಕೆಂಡ್ ತೆಗೆದುಕೊಳ್ಳುತ್ತದೆ. ಆ ಲೆಕ್ಕದಲ್ಲಿ 1.2 ಮೈಕ್ರೊ ಎಂದರೆ ರ‍್ಯಾಕ್‌ನಲ್ಲಿ 240 ಮೀಟರ್ ಕೇಬಲ್ ಸುಮ್ನೆ ಸುತ್ತಿಟ್ಟ ಹಾಗಾಯಿತು.

ಈಗ ಅಳತೆ. 1991ರ ಆರ್‌ಎಫ್‌ಸಿ 1242 ಎಂಬ ದಾಖಲೆ ಲೇಟೆನ್ಸಿಯನ್ನು ಎರಡು ರೀತಿ ಹೇಳುತ್ತದೆ. ಕಟ್-ಥ್ರೂ ತರದ ಸಾಧನಕ್ಕೆ ಮೊದಲ ಬಿಟ್ ಒಳಬಂದ ಕ್ಷಣದಿಂದ ಮೊದಲ ಬಿಟ್ ಹೊರಹೋಗುವ ತನಕ. ಸ್ಟೋರ್ ಅಂಡ್ ಫಾರ್ವರ್ಡ್‌ಗೆ ಕೊನೆಯ ಬಿಟ್ ಒಳಬಂದ ಕ್ಷಣದಿಂದ ಮೊದಲ ಬಿಟ್ ಹೊರಹೋಗುವ ತನಕ. ಎರಡನೆಯ ಅಳತೆಯಲ್ಲಿ ಪ್ಯಾಕೆಟ್‌ಗಾಗಿ ಕಾದ ಹೊತ್ತು ಲೆಕ್ಕಕ್ಕೇ ಬರುವುದಿಲ್ಲ. ನಮಗೆ ಬಂದದ್ದು ಸ್ಟೋರ್ ಅಂಡ್ ಫಾರ್ವರ್ಡ್ ಪೆಟ್ಟಿಗೆ. ಕಂಪನಿಯ ತಾಂತ್ರಿಕ ವಿವರಪಟ್ಟಿಯಾದ ಡೇಟಾಶೀಟ್‌ನಲ್ಲಿ ಎರಡನೆಯ ಅಳತೆಯ ಸಂಖ್ಯೆ ಇತ್ತು, ಯಾವ ಅಳತೆ ಎಂದು ಎಲ್ಲೂ ಬರೆದಿರಲಿಲ್ಲ. ಪಕ್ಕದಲ್ಲೇ ಬೇರೆ ಕಂಪನಿಗಳ ಕಟ್-ಥ್ರೂ ಸಂಖ್ಯೆ ಇಟ್ಟು ಹೋಲಿಸಿದ್ದರು. ಎಕ್ಸ್‌ಚೇಂಜ್‌ನ ಡೇಟಾ ಓದುವ ನಮ್ಮ ಪ್ರೋಗ್ರಾಂ, ಫೀಡ್ ಹ್ಯಾಂಡ್ಲರ್, ಹಲವು ಟಿಕ್‌ಗಳನ್ನು ಒಂದೇ ದೊಡ್ಡ ಪ್ಯಾಕೆಟ್‌ಗೆ ಸೇರಿಸಿ ಒಳಗಿನ ಸರ್ವರ್‌ಗಳಿಗೆ ಕಳಿಸುತ್ತದೆ. ಹಾಗಾಗಿ ಆ ಕಾಯುವಿಕೆಯ ಪೂರ್ತಿ ಹೊರೆ ನಮ್ಮ ಮೇಲೇ ಬಿತ್ತು.

ಇದೊಂದೇ ಆಗಿದ್ದರೆ ಹೇಗೋ ತಡೆದುಕೊಳ್ಳಬಹುದಿತ್ತು. ಬೆಳಗ್ಗೆ 9:15ಕ್ಕೆ ಮಾರ್ಕೆಟ್ ತೆರೆಯುತ್ತಿದ್ದಂತೆ ಫೀಡ್‌ನಲ್ಲಿ ಸೀಕ್ವೆನ್ಸ್ ಗ್ಯಾಪ್, ಅಂದರೆ ಪ್ಯಾಕೆಟ್‌ಗಳ ಕ್ರಮಸಂಖ್ಯೆಯ ನಡುವೆ ಖಾಲಿ, ಬರತೊಡಗಿತು. ನಮ್ಮ ತಂಡದ ಹುಬ್ಬಳ್ಳಿಯ ಹುಡುಗ ಮೊದಲು ಹಿಡಿದ. "ಸರ್, ಸ್ವಿಚ್‌ನಾಗ ಡ್ರಾಪ್ ಸೊನ್ನೆ ಅಂತ ತೋರಸ್ತೈತಿ, ಆದ್ರ ನಂಬರ್ ಜಿಗೀತಾವ." ಸಪೋರ್ಟ್‌ನವರಿಗೆ ಬರೆದೆವು. ಕೇಬಲ್ ಬದಲಿಸಿ ಅಂದರು, ಬದಲಿಸಿದೆವು. ಎಸ್‌ಎಫ್‌ಪಿ (ಕೇಬಲ್ ಸಿಕ್ಕಿಸುವ ಮಾಡ್ಯೂಲ್) ಬದಲಿಸಿ ಅಂದರು, ಅದೂ ಆಯಿತು. ಆಮೇಲೆ ಐದು ನಿಮಿಷದ ಸರಾಸರಿ ಗ್ರಾಫ್ ತೋರಿಸಿ, "ನಿಮ್ಮ ಪೋರ್ಟ್ ತುಂಬಿಯೇ ಇಲ್ಲವಲ್ಲ" ಅಂದರು.

ದಾದರ್ ಸ್ಟೇಷನ್ನಿನ ಜನರನ್ನು ಇಡೀ ದಿನಕ್ಕೆ ಹಂಚಿ ಸರಾಸರಿ ತೆಗೆದರೆ ಪ್ಲಾಟ್‌ಫಾರ್ಮ್ ಖಾಲಿ ಅನಿಸಬಹುದು. ಬೆಳಗ್ಗೆ ಒಂಬತ್ತಕ್ಕೆ ಅಲ್ಲಿ ನಿಂತವರಿಗೆ ಗೊತ್ತು. ಮೈಕ್ರೊಬರ್ಸ್ಟ್, ಕ್ಷಣಮಾತ್ರ ಒಮ್ಮೆಗೇ ನುಗ್ಗುವ ಟ್ರಾಫಿಕ್, ಅಂದರೆ ಅದೇ. ಎರಡು 10 ಜಿ ಪೋರ್ಟ್‌ಗಳಿಂದ ಒಂದು 10 ಜಿ ಪೋರ್ಟ್‌ಗೆ ಪೂರ್ತಿ ವೇಗದಲ್ಲಿ ಟ್ರಾಫಿಕ್ ನುಗ್ಗಿದರೆ ಒಂದು ಮಿಲಿಸೆಕೆಂಡ್‌ಗೆ 1.25 ಮೆಗಾಬೈಟ್ ಜಾಸ್ತಿಯಾಗುತ್ತದೆ. ಅದನ್ನು ಸ್ವಿಚ್‌ನೊಳಗಿನ ತಾತ್ಕಾಲಿಕ ಮೆಮೊರಿ, ಬಫರ್, ಹಿಡಿಯಬೇಕು. ಡೇಟಾಶೀಟ್‌ನಲ್ಲಿ ಬಫರ್ ದೊಡ್ಡದಾಗಿಯೇ ಕಾಣುತ್ತದೆ. ಆದರೆ ಅದು ಎಲ್ಲ ಪೋರ್ಟ್‌ಗಳೂ ಹಂಚಿಕೊಳ್ಳುವ ಒಟ್ಟು ಬಫರ್. ಒಂದು ಪೋರ್ಟ್ ಎಷ್ಟು ಬಳಸಬಹುದು ಎಂಬ ಮಿತಿ ನಮ್ಮ ಪೆಟ್ಟಿಗೆಯಲ್ಲಿ ಬಹಳ ಚಿಕ್ಕದಿತ್ತು, ಬದಲಿಸಲು ಕಮಾಂಡ್ ಇರಲಿಲ್ಲ. ಮಲ್ಟಿಕಾಸ್ಟ್ ಡ್ರಾಪ್ ಎಣಿಸುವ ಕೌಂಟರ್ ಕೂಡ ಇರಲಿಲ್ಲ. ಕೊನೆಗೆ ಎರಡೂ ಕಡೆ ಆಪ್ಟಿಕಲ್ ಟ್ಯಾಪ್ (ಸಾಗುವ ಸಿಗ್ನಲ್‌ನ ನಕಲು ತೆಗೆಯುವ ಸಾಧನ) ಹಾಕಿ, ಒಳಬಂದದ್ದನ್ನೂ ಹೊರಹೋದದ್ದನ್ನೂ ಹೋಲಿಸಿ ತೋರಿಸಿದ ಮೇಲೆ "ಮುಂದಿನ ಫರ್ಮ್‌ವೇರ್‌ನಲ್ಲಿ ನೋಡುತ್ತೇವೆ" ಎಂಬ ಉತ್ತರ ಬಂತು. ಆ ಫರ್ಮ್‌ವೇರ್ ಹಾಕಿದ ಮೇಲೆ ಕೇಳಿದ ಪೋರ್ಟ್‌ಗಳಿಗೆ ಮಾತ್ರ ಮಲ್ಟಿಕಾಸ್ಟ್ ಕಳಿಸುವ ಐಜಿಎಂಪಿ ಸ್ನೂಪಿಂಗ್ ಕೆಟ್ಟು, ಫೀಡ್ ಎಲ್ಲ ಪೋರ್ಟ್‌ಗಳಿಗೂ ಹರಿಯಿತು. ಆರ್ಡರ್ ಕಳಿಸುವ ಸರ್ವರ್‌ಗಳ ಪೋರ್ಟ್‌ಗೂ.

ಇನ್ನೆರಡು ವಿಷಯ ಬೇಗ ಹೇಳಿಬಿಡುತ್ತೇನೆ. "ಪಿಟಿಪಿ ಸಪೋರ್ಟ್ ಇದೆ" ಅಂದಿದ್ದರು. ಪಿಟಿಪಿ ಎಂದರೆ ನೆಟ್‌ವರ್ಕ್ ಮೂಲಕ ಗಡಿಯಾರಗಳನ್ನು ಹೊಂದಿಸುವ ವಿಧಾನ. ಅವರ ಅರ್ಥದಲ್ಲಿ ಪಿಟಿಪಿ ಪ್ಯಾಕೆಟ್ ಸ್ವಿಚ್ ಮೂಲಕ ಹಾದುಹೋಗುತ್ತದೆ, ಅಷ್ಟೇ. ಸ್ವಿಚ್‌ನಲ್ಲಾದ ವಿಳಂಬವನ್ನು ಸರಿಪಡಿಸುವ ಬೌಂಡರಿ ಕ್ಲಾಕ್ ಇಲ್ಲ, ಟ್ರಾನ್ಸ್‌ಪರೆಂಟ್ ಕ್ಲಾಕ್ ಇಲ್ಲ. ಕ್ಯೂ ತುಂಬಿದಾಗಲೆಲ್ಲ ಸರ್ವರ್‌ಗಳ ಗಡಿಯಾರ ಅಲುಗಾಡುತ್ತದೆ. ಎರಡನೆಯದು ಗಾಳಿ. ಆರ್ಡರ್‌ನಲ್ಲಿ ಬರೆದಿದ್ದ ದಿಕ್ಕಿಗೆ ಉಲ್ಟಾ ಫ್ಯಾನ್ ಇರುವ ಪೆಟ್ಟಿಗೆ ಕಳಿಸಿದ್ದರು. ಅದು ಬಿಸಿ ಗಾಳಿಯ ಓಣಿಯಿಂದಲೇ ಗಾಳಿ ಎಳೆಯುತ್ತಿತ್ತು. ಮುಂಬೈನಲ್ಲಿದೆ ಎಂದಿದ್ದ ಬದಲಿ ಪೆಟ್ಟಿಗೆ ಹೊರದೇಶದಿಂದ ಬಂದು ಸಹಾರ್ ವಿಮಾನ ನಿಲ್ದಾಣದ ಕಾರ್ಗೋದಲ್ಲಿ ಕಸ್ಟಮ್ಸ್‌ಗಾಗಿ ಕಾಯುತ್ತಿತ್ತು. ರಾತ್ರಿ ಹೊತ್ತು ಡೊಂಬಿವಲಿ, ಥಾಣೆಯಿಂದ ಎದ್ದು ಡೇಟಾ ಸೆಂಟರ್‌ಗೆ ಓಡಿದವರು ನಮ್ಮ ಹುಡುಗರು. ನನಗೆ ಜಾಸ್ತಿ ಸಿಟ್ಟು ಬಂದದ್ದು ಅದಕ್ಕೇ.

ಹಾಗಂತ ಚಿಕ್ಕ ಕಂಪನಿಗಳನ್ನೆಲ್ಲ ದೂರ ಇಡಿ ಎಂದು ಹೇಳುತ್ತಿಲ್ಲ. ಈ ಕ್ಷೇತ್ರದಲ್ಲಿ ಒಳ್ಳೆಯ ಕೆಲಸ ಚಿಕ್ಕವರಿಂದಲೂ ಬಂದಿದೆ. ಸಿಡ್ನಿಯ ಮೆಟಮಾಕೊ ಕೆಲವೇ ನ್ಯಾನೊಸೆಕೆಂಡ್‌ನಲ್ಲಿ ಸಿಗ್ನಲ್ ದಾಟಿಸುವ ಲೇಯರ್ 1 (ಪ್ಯಾಕೆಟ್ ಓದದ) ಸಾಧನಗಳನ್ನು ಮಾಡಿತು, 2018ರಲ್ಲಿ ದೊಡ್ಡ ಸ್ವಿಚ್ ಕಂಪನಿ ಅರಿಸ್ಟಾ ಅದನ್ನು ಕೊಂಡಿತು. ಅದೇ ಊರಿನ ಎಕ್ಸಾಬ್ಲೇಜ್ ಸಿಸ್ಕೊ ಪಾಲಾಯಿತು. ದೊಡ್ಡ ಹೆಸರು ಇದ್ದರೂ ಭರವಸೆ ಇಲ್ಲ: ಇಂಟೆಲ್ 2019ರಲ್ಲಿ ಚಿಪ್ ಕಂಪನಿ ಬೇರ್‌ಫುಟ್ ಕೊಂಡು, 2023ರಲ್ಲಿ ಟೊಫಿನೊ ಸ್ವಿಚ್ ಚಿಪ್‌ನ ಮುಂದಿನ ಅಭಿವೃದ್ಧಿ ನಿಲ್ಲಿಸಿತು. ಆದ್ದರಿಂದ ಪೆಟ್ಟಿಗೆಯ ಮೇಲಿನ ಹೆಸರಿಗಿಂತ ಒಳಗಿನ ಚಿಪ್ ಯಾವುದು ಎಂದು ಕೇಳಿ. "ಅದು ಗುಟ್ಟು" ಎಂದು ಹೇಳುವವರ ಜೊತೆ ಮಾತು ಅಲ್ಲಿಗೇ ನಿಲ್ಲಿಸಿ. ನಮಗೆ ಹಾಗೇ ಹೇಳಿದ್ದರು.

ಲೇಟೆನ್ಸಿ ಸಂಖ್ಯೆ ಯಾವ ಬಿಟ್‌ನಿಂದ ಯಾವ ಬಿಟ್‌ಗೆ, ಯಾವ ಪ್ಯಾಕೆಟ್ ಗಾತ್ರಕ್ಕೆ ಎಂದು ಬರಹದಲ್ಲಿ ತೆಗೆದುಕೊಳ್ಳಿ. 10 ಜಿಯಿಂದ 25 ಜಿ ಪೋರ್ಟ್‌ಗೆ ಹೋಗುವಾಗ ಏನಾಗುತ್ತದೆ ಎಂದೂ ಕೇಳಿ. ನಿಧಾನದ ಪೋರ್ಟ್‌ನಿಂದ ವೇಗದ ಪೋರ್ಟ್‌ಗೆ ಸಾಮಾನ್ಯವಾಗಿ ಕಟ್-ಥ್ರೂ ನಡೆಯುವುದಿಲ್ಲ. 25 ಜಿಯಲ್ಲಿ ಆರ್‌ಎಸ್-ಎಫ್‌ಇಸಿ (ದೋಷ ತಿದ್ದುವ ವಿಧಾನ) ಹಾಕಿದರೆ ಅದೇ ಸುಮಾರು 250 ನ್ಯಾನೊಸೆಕೆಂಡ್ ಸೇರಿಸುತ್ತದೆ.

ಆಮೇಲೆ ಡೆಮೊ ಪೆಟ್ಟಿಗೆ ತರಿಸಿ, ನಿಮ್ಮದೇ 9:15ರ ಟ್ರಾಫಿಕ್ ಹಿಡಿದಿಟ್ಟು ಅದರಲ್ಲಿ ಓಡಿಸಿ. ವೇಗ ಅಳೆಯುವ ಐಪರ್ಫ್ ಪ್ರೋಗ್ರಾಂ ಸಾಲದು, ಅದು ಮುಖ್ಯವಾಗಿ ಸರಾಸರಿ ಥ್ರೂಪುಟ್ ಹೇಳುತ್ತದೆ. ಹಾರ್ಡ್‌ವೇರ್ ಟೈಮ್‌ಸ್ಟ್ಯಾಂಪ್ ಇರುವ ಕಾರ್ಡ್‌ನಿಂದ ಅಳೆದು, ಅತಿ ಕೆಟ್ಟ ಸಂಖ್ಯೆಯನ್ನು ನೋಡಿ. ಆ ಪರೀಕ್ಷೆಯ ಫಲಿತಾಂಶವನ್ನು ಪರ್ಚೇಸ್ ಆರ್ಡರ್‌ನಲ್ಲೇ ಷರತ್ತಾಗಿ ಬರೆಸಿ, ನಿಮ್ಮ ರ‍್ಯಾಕ್‌ನಲ್ಲಿ ಅದೇ ಸಂಖ್ಯೆ ಬಂದ ಮೇಲೆ ಹಣ ಬಿಡುಗಡೆ ಮಾಡಿಸಿ. ನಮ್ಮ ಆರ್ಡರ್‌ನಲ್ಲಿ ಆ ಸಾಲು ಬೇಡವೆಂದು ಮಾರಾಟಗಾರರು ಹಟ ಹಿಡಿದು ತೆಗೆಸಿದ್ದರು. ಆ ಹಣ ಇನ್ನೂ ವಾಪಸ್ ಬಂದಿಲ್ಲ.