ಕೌದಿ ಹೊಲಿಯುವವರಿಗೆ ರೋಟರಿ ಕಟ್ಟರ್ ಬೇಕಾ? ಕೆಲವು ವರ್ಷ ಬಳಸಿದ ಮೇಲೆ ಹೇಳುತ್ತಿದ್ದೇನೆ

ಮೊದಲೇ ಹೇಳಿಬಿಡುತ್ತೇನೆ. ಹೊಸ ಬಟ್ಟೆಯಲ್ಲಿ ಚೌಕ, ಪಟ್ಟಿ ಕತ್ತರಿಸಿ ಮಷೀನಿನಲ್ಲಿ ಜೋಡಿಸುವವರಾದರೆ ರೋಟರಿ ಕಟ್ಟರ್ ಕೊಳ್ಳಿ, ದುಡ್ಡು ದಂಡವಾಗುವುದಿಲ್ಲ. ಹಳೇ ಸೀರೆಗಳನ್ನು ಪದರ ಪದರವಾಗಿ ಹಾಸಿ ಕೈಯಲ್ಲೇ ಕೌದಿ ಹಾಕುವವರಾದರೆ ಬೇಡ, ಮನೆಯ ಕತ್ತರಿಯೇ ಸಾಕು. ಎರಡನ್ನೂ ಮಾಡುವ ನನ್ನಂಥವರ ಪಾಡು ಸ್ವಲ್ಪ ಗೋಜಲು. ಈ ವಿಮರ್ಶೆ ಮುಖ್ಯವಾಗಿ ಅಂಥವರಿಗೆ.

ಕಟ್ಟರ್ ನೋಡದವರಿಗೆ ಒಂದೆರಡು ಮಾತು. ಪಿಜ್ಜಾ ಕತ್ತರಿಸುವ ಚಕ್ರ ನೋಡಿದ್ದೀರಲ್ಲ, ಹೆಚ್ಚುಕಡಿಮೆ ಅದೇ ಆಕಾರ. ಆದರೆ ಚಕ್ರದ ಅಂಚು ಶೇವಿಂಗ್ ಬ್ಲೇಡಿನಷ್ಟು ಚೂಪು. ಜಪಾನಿನ ಓಲ್ಫಾ ಕಂಪನಿ 1979ರಲ್ಲಿ ಇದನ್ನು ಮೊದಲು ತಂದಿತು. ನಾವು ಪೇಪರ್ ಕತ್ತರಿಸಲು ಬಳಸುವ, ತುದಿ ಮೊಂಡಾದರೆ ಪಟ್ಟಂತ ಮುರಿದು ಎಸೆಯುವ ಬ್ಲೇಡಿದೆಯಲ್ಲ, ಅದನ್ನು ಕಂಡುಹಿಡಿದದ್ದೂ ಇದೇ ಕಂಪನಿ ಕಟ್ಟಿದ ಯೋಶಿಯೋ ಒಕಾಡ. ಚಕ್ರ 28, 45, 60 ಮಿಲಿಮೀಟರ್ ಅಳತೆಗಳಲ್ಲಿ ಬರುತ್ತದೆ. ನಾನು ಬಳಸುತ್ತಿರುವುದು ಓಲ್ಫಾದ 45ರದ್ದು. ಹಳದಿ ಹಿಡಿ, ಹೆಬ್ಬೆರಳಿನಲ್ಲಿ ಹಿಂದಕ್ಕೆ ಮುಂದಕ್ಕೆ ತಳ್ಳುವ ಮುಚ್ಚಳ, ಅಷ್ಟೇ. ಹಿಡಿ ಇನ್ನೂ ಹೊಸದರಂತೆಯೇ ಇದೆ. ಬದಲಾಯಿಸಿದ್ದು ಬ್ಲೇಡ್ ಮಾತ್ರ.

ಕಟ್ಟರ್ ಒಂದನ್ನೇ ತಂದರೆ ಉಪಯೋಗವಿಲ್ಲ. ಕೆಳಗೆ ಹಾಸಲು ಮ್ಯಾಟ್ ಬೇಕು, ಮೇಲೆ ಒತ್ತಿ ಹಿಡಿಯಲು ದಪ್ಪ ಅಕ್ರಿಲಿಕ್ ಸ್ಕೇಲ್ ಬೇಕು. ನಿಜವಾದ ಖರ್ಚು ಅಲ್ಲೇ. ಕಟ್ಟರ್ ಅಗ್ಗಕ್ಕೆ ಸಿಕ್ಕಿತು ಅಂತ ಕೊಂಡವರು ಆಮೇಲೆ ಮ್ಯಾಟಿನ ಬೆಲೆ ನೋಡಿ ಸುಮ್ಮನಾಗುತ್ತಾರೆ. ಮ್ಯಾಟ್ ಇಲ್ಲದೆ ಊಟದ ಟೇಬಲ್ ಮೇಲೆ ಓಡಿಸಿದರೆ ಟೇಬಲ್ಲೂ ಹಾಳು, ಬ್ಲೇಡೂ ಹಾಳು.

ಮ್ಯಾಟಿನ ಅಳತೆಯ ಬಗ್ಗೆ ಅಂಗಡಿಯವರು ಯಾರೂ ಸರಿಯಾಗಿ ಹೇಳುವುದಿಲ್ಲ, ಹಾಗಾಗಿ ಬರೆಯುತ್ತಿದ್ದೇನೆ. ಎ3 ಮ್ಯಾಟಿನ ಉದ್ದ 42 ಸೆಂಟಿಮೀಟರ್. ಎ2 ಮ್ಯಾಟಿನದು 59.4. ನಮ್ಮ ಮಾಮೂಲಿ ಕಾಟನ್ ಬಟ್ಟೆಯ ಪನ್ನ, ಅಂದರೆ ಅಗಲ, 44 ಇಂಚು. ಒಂದು ಮಡಿಕೆ ಮಾಡಿದರೆ 22 ಇಂಚು, ಅಂದರೆ ಸುಮಾರು 56 ಸೆಂಟಿಮೀಟರ್. ಎ2 ಮೇಲೆ ಅದು ಸರಿಯಾಗಿ ಕೂರುತ್ತದೆ. ಎ3 ಕೊಂಡರೆ ಎರಡು ಮಡಿಕೆ ಮಾಡಬೇಕು. ಮಡಿಕೆ ಜಾಸ್ತಿಯಾದಷ್ಟೂ ಬಟ್ಟೆ ಜರುಗುತ್ತದೆ, ಪಟ್ಟಿ ಬಿಡಿಸಿ ನೋಡಿದರೆ ನಡುವೆ ಸೊಟ್ಟಗಾಗಿ ಬಿಲ್ಲಿನ ಹಾಗೆ ಬಾಗಿರುತ್ತದೆ. ಆದ್ದರಿಂದ ಎ2ಗಿಂತ ಚಿಕ್ಕದು ಬೇಡ. ಸ್ಕೇಲ್ 6 ಇಂಚು ಅಗಲ, 24 ಇಂಚು ಉದ್ದದ್ದು ತಗೊಳ್ಳಿ. ಇನ್ನೊಂದು ವಿಷಯ: ಮ್ಯಾಟಿನ ಒಂದು ಬದಿಗೆ ಇಂಚು, ಇನ್ನೊಂದು ಬದಿಗೆ ಸೆಂಟಿಮೀಟರ್ ಇರುತ್ತದೆ. ಕ್ವಿಲ್ಟಿನ, ಅಂದರೆ ಹೀಗೆ ತುಂಡು ಜೋಡಿಸಿ ಮಾಡುವ ಹೊದಿಕೆಯ, ಲೆಕ್ಕವೆಲ್ಲ ಕಾಲಿಂಚಿನ ಹೊಲಿಗೆ ಅಂಚಿನ ಮೇಲೆ ನಿಂತಿದೆ. ಸೆಂಟಿಮೀಟರ್ ಬದಿಯನ್ನು ಮರೆತುಬಿಡಿ.

ಬಿಸಿ ತಾಗಿದರೆ ಮ್ಯಾಟ್ ಡೊಂಕಾಗುತ್ತದೆ. ಅದರ ಮೇಲೆ ಇಸ್ತ್ರಿ ಮಾಡಬಾರದು, ಬಿಸಿಲಿನಲ್ಲಿ ನಿಲ್ಲಿಸಿದ ಕಾರಿನಲ್ಲಿ ಬಿಡಬಾರದು, ಗೋಡೆಗೆ ಒರಗಿಸಿಯೂ ಇಡಬಾರದು. ನನ್ನದು ಮಂಚದ ಕೆಳಗೆ ಮಲಗಿರುತ್ತದೆ.

ಈಗ ಕೆಲಸಕ್ಕೆ ಬರೋಣ. ಸದ್ಯ ನನ್ನ ಟೇಬಲ್ ಮೇಲಿರುವುದು ಗುಳೇದಗುಡ್ಡದ ಖಣದ ನೈನ್ ಪ್ಯಾಚ್. ಒಂಬತ್ತು ಚೌಕ ಸೇರಿ ಒಂದು ದೊಡ್ಡ ಚೌಕ, ಅಷ್ಟು ಸುಲಭದ ವಿನ್ಯಾಸ. ಕತ್ತರಿ ಹಿಡಿದು ಒಂದೊಂದೇ ಚೌಕ ಗುರುತು ಹಾಕಿ ಕತ್ತರಿಸುತ್ತಾ ಕೂತರೆ ಜೀವ ಬೇಸರವಾಗುತ್ತದೆ. ಕಟ್ಟರ್ ಇದ್ದರೆ ದಾರಿಯೇ ಬೇರೆ. ಎರಡೂವರೆ ಇಂಚಿನ ಉದ್ದ ಪಟ್ಟಿಗಳನ್ನು ಕತ್ತರಿಸಿ, ಮೂರು ಮೂರು ಪಟ್ಟಿ ಸೇರಿಸಿ ಹೊಲಿದು, ಇಸ್ತ್ರಿ ಮಾಡಿ, ಮತ್ತೆ ಅಡ್ಡಲಾಗಿ ಎರಡೂವರೆ ಇಂಚಿಗೊಂದು ತುಂಡು ಮಾಡುವುದು. 44 ಇಂಚಿನ ಪಟ್ಟಿಯಲ್ಲಿ 17 ತುಂಡು ಬರುತ್ತವೆ. ಮೂರು ತುಂಡು ಜೋಡಿಸಿದರೆ ಒಂದು ಬ್ಲಾಕ್ ಮುಗಿಯಿತು, ಅಳತೆ ಆರೂವರೆ ಇಂಚು. ಒಂದೊಂದು ಚೌಕವನ್ನು ಕೈಯಲ್ಲಿ ಮುಟ್ಟುವ ಪ್ರಶ್ನೆಯೇ ಇಲ್ಲ. ಮೂಲೆಗಳು ಒಂದರ ಎದುರು ಒಂದು ಸರಿಯಾಗಿ ಕೂರುವುದನ್ನು ಮೊದಲ ಸಲ ನೋಡಿದಾಗ ಆಗುವ ಖುಷಿಗೇ ಈ ಉಪಕರಣದ ಬೆಲೆ ಅರ್ಧ ವಸೂಲಿ.

ಆದರೆ ಖಣ ಅಷ್ಟು ಸಾಧು ಬಟ್ಟೆಯಲ್ಲ. ಅದರ ಪನ್ನ ಒಂದು ಗಜಕ್ಕಿಂತ ಕಡಿಮೆ, ಕುಪ್ಪಸಕ್ಕೆ ಅಂತಲೇ ನೇಯ್ದದ್ದಲ್ವಾ. ಹಾಗಾಗಿ ಮೇಲೆ ಹೇಳಿದ 17ರ ಲೆಕ್ಕ ಇಲ್ಲಿ ನಡೆಯುವುದಿಲ್ಲ, ಬಟ್ಟೆ ಜಾಸ್ತಿ ಬೇಕು. ತೇರು, ಆನೆಹೆಜ್ಜೆಯಂಥ ವಿನ್ಯಾಸಗಳು ಚಿಕ್ಕದಾಗಿ, ಒತ್ತೊತ್ತಾಗಿ ಇರುವುದರಿಂದ ಎರಡಿಂಚಿನ ಚೌಕದಲ್ಲೂ ಪೂರ್ತಿ ಕಾಣುತ್ತವೆ. ಕ್ವಿಲ್ಟಿಗೆ ಇದಕ್ಕಿಂತ ಒಳ್ಳೆಯ ಗುಣ ಬೇಕಾ? ತೊಂದರೆ ಇರುವುದು ಅಂಚಿನಲ್ಲಿ. ಹತ್ತಿಯ ಜೊತೆ ರೇಷ್ಮೆ ಅಥವಾ ಆರ್ಟ್ ಸಿಲ್ಕ್ ನೂಲು ಇರುವ ಖಣವನ್ನು ಕತ್ತರಿಸಿ ಎರಡು ಸಲ ಕೈಯಾಡಿಸಿದರೆ ಎಳೆ ಬಿಚ್ಚಿಕೊಳ್ಳುತ್ತಾ ಹೋಗುತ್ತದೆ. ಕಾಲಿಂಚಿನ ಹೊಲಿಗೆ ಅಂಚು ತೊಳೆಯುವಷ್ಟರಲ್ಲಿ ಕರಗಿರುತ್ತದೆ. ಟೈಲರ್ ಸಾಮಾನಿನ ಅಂಗಡಿಯಲ್ಲಿ ಸಿಗುವ ತೆಳು ಪೇಸ್ಟಿಂಗ್ ಬಟ್ಟೆಯನ್ನು ಹಿಂದೆ ಇಸ್ತ್ರಿಯಿಂದ ಅಂಟಿಸಿ ಆಮೇಲೆ ಕಟ್ಟರ್ ಓಡಿಸಿದರೆ ಅಂಚು ಗೆರೆ ಎಳೆದಂತೆ ಬರುತ್ತದೆ. ಬಟ್ಟೆ ಸ್ವಲ್ಪ ಬಿರುಸಾಗುತ್ತದೆ, ಹೊದೆಯುವ ಕೌದಿಗೆ ಅದು ಹಿಡಿಸುವುದಿಲ್ಲ. ಗೋಡೆಗೆ ಹಾಕುವುದಕ್ಕೆ, ದಿಂಬಿನ ಕವರಿಗೆ ಅಡ್ಡಿಯಿಲ್ಲ. ಮಗುವಿನ ಕುಂಚಿಗೆಗೆ ಮಾತ್ರ ಪೇಸ್ಟಿಂಗ್ ಹಾಕಬೇಡಿ, ತಲೆಗೆ ಚುಚ್ಚುತ್ತದೆ. ಅಲ್ಲಿ ಅರ್ಧ ಇಂಚಿನ ಅಂಚು ಬಿಟ್ಟು ಒಳಗೆ ಮಡಚಿ ಹೊಲಿಯುವ ಹಳೇ ಪದ್ಧತಿಯೇ ಸರಿ.

ಬಣ್ಣದ ಖಣವನ್ನು ಹೊಲಿಯುವ ಮೊದಲು ಒಂದೊಂದನ್ನೂ ಬೇರೆ ಬೇರೆ ತೊಳೆಯಬೇಕು. ನೀರು ತಿಳಿಯಾಗುವ ತನಕ. ಉಪ್ಪು ಹಾಕಿದರೆ ಬಣ್ಣ ನಿಲ್ಲುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ನನಗಂತೂ ಅದರಲ್ಲಿ ನಂಬಿಕೆ ಇಲ್ಲ.

ಬಟ್ಟೆ ಎಲ್ಲಿಂದ ತರುತ್ತೀರಿ ಅಂತ ಕೇಳುವವರಿಗೆ: ಬೆಂಗಳೂರಿನಲ್ಲಿ ಚಿಕ್ಕಪೇಟೆ, ಹುಬ್ಬಳ್ಳಿಗೆ ಹೋದಾಗ ದುರ್ಗದ ಬೈಲು. ಚಿಕ್ಕಪೇಟೆಯಲ್ಲಿ ದೊಡ್ಡ ಅಂಗಡಿಗಳಿಗಿಂತ ಕಟ್ ಪೀಸ್ ಮಾರುವ ಸಣ್ಣ ಮಳಿಗೆಗಳೇ ನಮ್ಮಂಥವರಿಗೆ ಲಾಭ. ಗಾರ್ಮೆಂಟ್ ಫ್ಯಾಕ್ಟರಿಗಳಲ್ಲಿ ಉಳಿದ ಬಟ್ಟೆ ಕೆಜಿ ಲೆಕ್ಕದಲ್ಲೂ ಸಿಗುತ್ತದೆ, ಆದರೆ ಅದರಲ್ಲಿ ಸ್ಟ್ರೆಚ್ ಬಟ್ಟೆ ಸೇರಿಕೊಂಡಿರುತ್ತದೆ. ಎರಡೂ ಕಡೆ ಎಳೆದು ನೋಡಿ. ರಬ್ಬರಿನ ಹಾಗೆ ವಾಪಸ್ ಬಂದರೆ ಕೆಳಗಿಡಿ. ಕೌದಿಯ ಒಳಪದರಕ್ಕೆ ಹುಬ್ಬಳ್ಳಿಯ ಬೆಂಗೇರಿ ಖಾದಿ ಸಂಘದ ಬಿಳಿ ಖಾದಿ ನನಗೆ ಇಷ್ಟ. ರಾಷ್ಟ್ರಧ್ವಜ ತಯಾರಾಗುವ ಜಾಗ ಅದು. ಒಳಗೆ ತುಂಬುವ ಪಾಲಿಯೆಸ್ಟರ್ ವ್ಯಾಡಿಂಗ್ ನಮ್ಮ ಸೆಖೆಗೆ ಆಗಿಬರುವುದಿಲ್ಲ. ಮಡಿಕೇರಿಯಲ್ಲಿ ಇರುವವರು ಬೇಕಿದ್ದರೆ ಹಾಕಿಕೊಳ್ಳಲಿ.

ಈಗ ಬ್ಲೇಡು. ಇದರ ಬಗ್ಗೆ ಯಾರೂ ಮೊದಲೇ ಎಚ್ಚರಿಸುವುದಿಲ್ಲ. ಒಂದೇ ಒಂದು ಗುಂಡುಪಿನ್ನಿನ ಮೇಲೆ ಹರಿದರೆ ಅಂಚಿನಲ್ಲಿ ಸಣ್ಣ ಹಲ್ಲು ಬೀಳುತ್ತದೆ. ಕಣ್ಣಿಗೆ ಕಾಣುವುದಿಲ್ಲ, ಬಟ್ಟೆಯಲ್ಲಿ ಕಾಣುತ್ತದೆ. ಪಟ್ಟಿ ಎತ್ತಿದಾಗ ಒಂದೇ ಅಂತರದಲ್ಲಿ ಒಂದೊಂದು ಎಳೆ ಕತ್ತರಿಸದೆ ಹಾಗೇ ಹಿಡಿದುಕೊಂಡಿರುತ್ತದೆ. 45 ಮಿಲಿಮೀಟರ್ ಚಕ್ರದ ಸುತ್ತಳತೆ ಸುಮಾರು 14 ಸೆಂಟಿಮೀಟರ್. ಆದ್ದರಿಂದ ಐದೂವರೆ ಇಂಚಿಗೊಮ್ಮೆ ಎಳೆ ಉಳಿದರೆ ಬ್ಲೇಡಿಗೆ ಪೆಟ್ಟಾಗಿದೆ ಅಂತಲೇ ಅರ್ಥ. ಎಲ್ಲಾ ಕಡೆ ಒಂದೇ ತರ ಒತ್ತಿ ಒತ್ತಿ ಕತ್ತರಿಸಬೇಕಾಗಿ ಬಂದರೆ ಬ್ಲೇಡ್ ಮೊಂಡಾಗಿದೆ. ಜರಿ ಇರುವ ಬಟ್ಟೆ, ಪಾಲಿಯೆಸ್ಟರ್ ಬಟ್ಟೆ ಬ್ಲೇಡನ್ನು ಬೇಗ ತಿನ್ನುತ್ತವೆ. ಜರಿ ಅಂಚನ್ನು ನಾನು ಮೊದಲೇ ಕತ್ತರಿಯಲ್ಲಿ ತೆಗೆದುಬಿಡುತ್ತೇನೆ. ಬ್ಲೇಡಿನ ಬೆಲೆ ಮಾತ್ರ ಹೊಟ್ಟೆ ಉರಿಸುವಂಥದ್ದು. ಒಂದು ಒಳ್ಳೆಯ ಬ್ಲೇಡಿನ ದುಡ್ಡಿನಲ್ಲಿ ಕತ್ತರಿಗೆ ಎಷ್ಟೋ ಸಲ ಸಾಣೆ ಹಿಡಿಸಬಹುದು. ಹೆಸರಿಲ್ಲದ ಅಗ್ಗದ ಬ್ಲೇಡುಗಳನ್ನೂ ಹಾಕಿ ನೋಡಿದ್ದೇನೆ. ಕೆಲವು ಪರವಾಗಿಲ್ಲ, ಕೆಲವು ಡಬ್ಬಿಯಿಂದ ಬರುವಾಗಲೇ ಮೊಂಡು.

ಹಳೇ ಸೀರೆಯ ವಿಷಯಕ್ಕೆ ಬಂದರೆ ಕಟ್ಟರ್ ಸೋಲುತ್ತದೆ. ತೊಳೆದು ತೊಳೆದು ಮೆತ್ತಗಾದ ಕಾಟನ್ ಸೀರೆ ಸ್ಕೇಲಿನ ಕೆಳಗೆ ನಿಲ್ಲುವುದೇ ಇಲ್ಲ, ಚಕ್ರದ ಮುಂದೆ ಅಲೆಯೆದ್ದು ಜರುಗುತ್ತದೆ. ಗಂಜಿ ಹಾಕಿ ಇಸ್ತ್ರಿ ಮಾಡಿದರೆ ನಿಲ್ಲುತ್ತದೆ ನಿಜ. ಆದರೆ ಅಷ್ಟು ಕಷ್ಟ ಯಾಕೆ? ಅಂಚಿನಲ್ಲಿ ಕತ್ತರಿಯಿಂದ ಚೂರು ಕಚ್ಚಿಸಿ ಎರಡೂ ಕೈಯಲ್ಲಿ ಹಿಡಿದು ಹರಿದರೆ ಕಾಟನ್ ತನ್ನ ಎಳೆಯ ಗುಂಟ ತಾನೇ ನೇರವಾಗಿ ಸೀಳುತ್ತದೆ. ಬಟ್ಟೆ ಅಂಗಡಿಯವರು ಹಿಂದಿನಿಂದಲೂ ಮಾಡುವುದು ಇದನ್ನೇ. ಯಾವ ಸ್ಕೇಲೂ ಅಷ್ಟು ನೇರ ಬರುವುದಿಲ್ಲ, ಯಾಕೆಂದರೆ ನೇಯ್ಗೆಯೇ ಅಲ್ಲಿ ಸ್ಕೇಲು. ಜೀರ್ಣವಾದ ಜಾಗದಲ್ಲಿ ಮಾತ್ರ ಹರಿಯುವುದು ದಾರಿ ತಪ್ಪುತ್ತದೆ. ಅಂಥ ಭಾಗ ಹೇಗೂ ಒಳಪದರಕ್ಕೆ ಹೋಗುವುದು.

ಇಳಕಲ್ ಸೀರೆ ಬೇರೆಯೇ ಕಥೆ. ನನ್ನ ಹತ್ತಿರ ಇರುವುದರ ಒಡಲು ಹತ್ತಿ, ಸೆರಗು ರೇಷ್ಮೆ. ಎರಡರ ಹಾಸುನೂಲುಗಳನ್ನು ಒಂದಕ್ಕೊಂದು ಕೊಂಡಿ ಹಾಕಿ ಸೇರಿಸಿರುತ್ತಾರೆ. ಆ ಜಾಗದ ಮೇಲೆ ಬ್ಲೇಡ್ ಓಡಿಸಲು ನನಗೆ ಮನಸ್ಸು ಬರುವುದಿಲ್ಲ, ಅದು ಉಪಕರಣದ ತಪ್ಪಲ್ಲ ಬಿಡಿ. ಒಡಲನ್ನು ಕೌದಿಯ ಬೆನ್ನಿಗೆ ಇಡಿಯಾಗಿ ಹಾಕಿ, ಸೆರಗನ್ನು ಅಂಚುಪಟ್ಟಿಗೆ ಉಳಿಸಿಕೊಂಡಿದ್ದೇನೆ.

ಇನ್ನೊಂದು ಕೆಲಸ ನಿಧಾನವಾಗಿ ನಡೆಯುತ್ತಿದೆ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಕಡೆಯ ಸಿದ್ದಿ ಹೆಣ್ಣುಮಕ್ಕಳು ಹಾಕುವ ಕೌದಿಯ ರೀತಿಯಲ್ಲಿ ಒಂದು. ಅವರು ಕೆಳಗೊಂದು ಸೀರೆ ಹಾಸಿ, ಒಂದು ಮೂಲೆಯಿಂದ ಶುರು ಮಾಡಿ ಅಂಚಿನ ಗುಂಟ ತುಂಡು ಇಟ್ಟು ಹೊಲಿಯುತ್ತಾ ಸುತ್ತು ಸುತ್ತಾಗಿ ನಡುವಿಗೆ ಬರುತ್ತಾರೆ. ಕೊನೆಗೆ ಮೂಲೆಗಳಿಗೆ ಮಡಚಿದ ಪುಟ್ಟ ತ್ರಿಕೋನಗಳ ಫೂಲಾ ಹಚ್ಚುತ್ತಾರೆ. ಅದಿಲ್ಲದೆ ಕೌದಿ ಮುಗಿದ ಹಾಗಲ್ಲ. ಇಲ್ಲಿ ತುಂಡು ಯಾವ ಅಳತೆಯಲ್ಲಿದ್ದರೂ ನಡೆಯುತ್ತದೆ. ಅಂಚನ್ನು ಒಳಗೆ ಮಡಚುತ್ತಾ ಹೊಲಿಯುವುದರಿಂದ ಸೊಟ್ಟಗಿದ್ದರೂ ಲೆಕ್ಕಕ್ಕಿಲ್ಲ. ಕಟ್ಟರಿನಲ್ಲಿ ಕತ್ತರಿಸಿದ ನೆಟ್ಟನೆಯ ಚೌಕಗಳನ್ನು ಇಟ್ಟು ನೋಡಿದೆ. ಬಾತ್‌ರೂಮಿನ ಟೈಲ್ಸ್ ಕಂಡವು. ತೆಗೆದು ಚಿಂದಿ ಗಂಟು ಬಿಚ್ಚಿದೆ.

ಸುರಕ್ಷತೆ ಬಗ್ಗೆ ಎರಡೇ ಮಾತು: ಕೈಯಿಂದ ಕೆಳಗಿಡುವ ಮೊದಲು ಮುಚ್ಚಳ ಮುಚ್ಚಿ, ಯಾವಾಗಲೂ ಮೈಯಿಂದ ಆಚೆಗೆ ಓಡಿಸಿ. ಚಿಕ್ಕ ಮಕ್ಕಳಿರುವ ಮನೆಯಲ್ಲಿ ಮುಚ್ಚಳದ ಮೇಲೆ ನಂಬಿಕೆ ಇಡದೆ ಬೀಗದ ಕಪಾಟಿನಲ್ಲಿ ಇಡಿ.

ಕೊಳ್ಳುವುದಾದರೆ 45ರಿಂದಲೇ ಶುರು ಮಾಡಿ. 28ರದ್ದು ಗುಂಡಗಿನ ವಿನ್ಯಾಸಗಳಿಗೆ ಒಳ್ಳೆಯದು, ಉದ್ದ ಪಟ್ಟಿಗೆ ಸುಸ್ತು. 60ರದ್ದು ಆರೇಳು ಪದರ ಒಟ್ಟಿಗೆ ಕತ್ತರಿಸುವವರಿಗೆ. ಸೆಟ್ ಅಂತ ಮಾರುವ ಡಬ್ಬಿಗಳಲ್ಲಿ ಸ್ಕೇಲ್ ತೆಳ್ಳಗಿರುತ್ತದೆ, ಬ್ಲೇಡ್ ಅದರ ಮೇಲೆ ಹತ್ತಿಬಿಡುವ ಅಪಾಯವಿದೆ. ಬಿಡಿ ಬಿಡಿಯಾಗಿ ಕೊಳ್ಳುವುದೇ ವಾಸಿ. ಮೊಂಡಾದ ಬ್ಲೇಡುಗಳನ್ನು ಕಸದ ಚೀಲಕ್ಕೆ ಹಾಗೇ ಹಾಕಬೇಡಿ, ಕಸ ಬೇರ್ಪಡಿಸುವವರ ಕೈ ಕುಯ್ಯುತ್ತದೆ. ನಾನು ಒಂದೆರಡನ್ನು ಗಿಫ್ಟ್ ಪೇಪರ್ ಕತ್ತರಿಸಲು ಇಟ್ಟುಕೊಂಡು, ಉಳಿದವನ್ನು ಹಳೇ ತಗಡಿನ ಡಬ್ಬಿಯಲ್ಲಿ ತುಂಬಿ, ಮೇಲೆ ಟೇಪ್ ಸುತ್ತಿ, ಗುಜರಿಯವರಿಗೆ ಹೇಳಿಯೇ ಕೊಡುತ್ತೇನೆ.