ಬೆಕ್ಕಿನ ಕಣ್ಣು ಹಿಡಿಯೋ ಕ್ಯಾಮೆರಾ: ವರ್ಷದ ಮೇಲೆ ಬಳಸಿ ಬರೀತಿರೋದು

ಈ ಕ್ಯಾಮೆರಾ ತಗೊಂಡಿದ್ದು ಒಂದೇ ಕಾರಣಕ್ಕೆ, ಪ್ರಾಣಿಗಳ ಕಣ್ಣನ್ನ ತಾನಾಗೇ ಹುಡುಕಿ ಫೋಕಸ್ ಮಾಡತ್ತೆ ಅಂತ. 2019ರಿಂದೀಚೆಗೆ ಒಂದೊಂದೇ ಮಿರರ್‌ಲೆಸ್‌ಗೆ (ಒಳಗೆ ಕನ್ನಡಿ ಇಲ್ಲದ ಹೊಸ ಥರದ ಕ್ಯಾಮೆರಾ) ಬಂದಿರೋ ಫೀಚರ್ ಇದು. ಹೊಸ ಮಾಡೆಲ್ ನಮ್ಮ ಬಜೆಟ್‌ಗೆ ಎಟುಕೋದಲ್ಲ, ಹಾಗಾಗಿ ಹಿಂದಿನ ತಲೆಮಾರಿನ ಕ್ರಾಪ್ ಸೆನ್ಸರ್ (ಅಂದ್ರೆ ಸ್ವಲ್ಪ ಚಿಕ್ಕ ಸೆನ್ಸರಿನ) ಬಾಡಿ, ಜೊತೆಗೊಂದು 50 ಎಂಎಂ ಎಫ್ 1.8 ಲೆನ್ಸ್, ಎರಡೂ ಸೆಕೆಂಡ್ ಹ್ಯಾಂಡ್. ಈ ಎಫ್ ಸಂಖ್ಯೆ ಚಿಕ್ಕದಾದಷ್ಟೂ ಲೆನ್ಸಿನ ಕಿಂಡಿ, ಅಂದ್ರೆ ಅಪರ್ಚರ್, ದೊಡ್ಡದು. ಮೆಗಾಪಿಕ್ಸೆಲ್ ಎಷ್ಟು, ವಿಡಿಯೋ ಹೇಗೆ ಅನ್ನೋದೆಲ್ಲ ನೀವು ಆಗ್ಲೇ ನೋಡಿರ್ತೀರ, ಬಿಡಿ. ನಾನು ಇದ್ರಲ್ಲಿ ಬೆಕ್ಕು ಬಿಟ್ರೆ ಬೇರೆ ಏನೂ ತೆಗ್ದಿಲ್ಲ ಅಂದ್ರೂ ತಪ್ಪಿಲ್ಲ.

ಮನೇಲಿರೋದು ಎರಡು. ಬೆಳ್ಳಿ, ಬಿಳೀದು. ಕರಿಯ, ಮೂಗಿನ ತುದಿಯಿಂದ ಬಾಲದ ತುದಿವರೆಗೂ ಕಪ್ಪು. ಇವರಿಬ್ಬರ ಜೊತೆ ಹಿತ್ತಲಿಗೆ ಒಂದು ಮೂರು ಬಣ್ಣದ ಬೀದಿ ಬೆಕ್ಕು ಬರತ್ತೆ, ಅದರ ಹಿಂದೆ ಮರಿಗಳ ಸೈನ್ಯ. ಬೆಳ್ಳಿ ಮುಖದ ಮೇಲೆ ಫೋಕಸ್ ಚೌಕ ಟಕ್ ಅಂತ ಕೂರತ್ತೆ, ಪಟ್ಟೆ ಪಟ್ಟೆ ಮರಿಗಳ ಮೇಲೂ ಅಷ್ಟೇ, ಮೊದಲ ವಾರ ನಾನು ಕುಣಿದಾಡಿದ್ದೇ ಕುಣಿದಾಡಿದ್ದು. ಆಮೇಲೆ ಕರಿಯ ಎದ್ದು ಬಂದ.

ಕರಿಯನ ಮುಂದೆ ಈ ಫೀಚರ್ ಪೂರ್ತಿ ಫೇಲು ಸ್ವಾಮಿ. ಸಂಜೆ ಟ್ಯೂಬ್‌ಲೈಟ್ ಬೆಳಕಲ್ಲಿ ಸೋಫಾ ಮೇಲೆ ಕೂತಿರ್ತಾನೆ, ಚೌಕ ಅವನ ಕಿವಿಗೆ ಹೋಗತ್ತೆ, ಮೀಸೆಗೆ ಬರತ್ತೆ, ಅಲ್ಲಿಂದ ಹಿಂದಿರೋ ದಿಂಬಿನ ಹೂವಿನ ಮೇಲೆ ಹೋಗಿ ಕೂತ್ಕೊಳತ್ತೆ, ಓಡಿಸಿದ ನೊಣದ ಥರ ಅಲ್ಲಿ ಇಲ್ಲಿ ಸುತ್ತತ್ತೆ ಹೊರತು ಕಣ್ಣಿಗೆ ಬರಲ್ಲ. ಕಾರಣ ಅರ್ಥ ಆಗೋಕೆ ಸ್ವಲ್ಪ ಟೈಮ್ ಹಿಡೀತು. ಬೆಳಕು ಕಮ್ಮಿ ಇದ್ದಾಗ ಬೆಕ್ಕಿನ ಪಾಪೆ ಹಿಗ್ಗಿ ಹೆಚ್ಚುಕಮ್ಮಿ ಇಡೀ ಕಣ್ಣನ್ನೇ ತುಂಬ್ಕೊಳತ್ತೆ, ಹಳದಿ ಭಾಗ ಸುತ್ತ ಒಂದು ಗೆರೆಯಷ್ಟು ಉಳಿಯತ್ತೆ. ಕಪ್ಪು ಮುಖದಲ್ಲಿ ಕಪ್ಪು ಕಣ್ಣು, ಮಷೀನು ಏನು ಅಂತ ಹುಡುಕ್ಬೇಕು ಪಾಪ. ಅದೇ ಬೆಳಿಗ್ಗೆ ಕಿಟಕಿ ಹತ್ರ ಕೂತ್ರೆ ಪಾಪೆ ಸಣ್ಣ ಸೀಳಾಗತ್ತೆ, ಎರಡು ಹಳದಿ ದೀಪ ಹಚ್ಚಿಟ್ಟಂಗೆ ಕಾಣತ್ತೆ, ಆಗ ಇದೇ ಕ್ಯಾಮೆರಾ ಒಂದು ಸಲಾನೂ ತಪ್ಪಲ್ಲ.

ತಪ್ಪಿದ್ರೆ ಎಷ್ಟು ಮಹಾ ಅಂತೀರಾ? ಎರಡು ಅಡಿ ದೂರದಿಂದ ಎಫ್ 1.8ರಲ್ಲಿ ತೆಗೆದ್ರೆ ಶಾರ್ಪ್ ಆಗಿ ಬರೋ ಆಳ ಸುಮಾರು ಒಂದು ಸೆಂಟಿಮೀಟರ್ ಮಾತ್ರ. ಮೂಗಿಗೆ ಫೋಕಸ್ ಆಯ್ತು ಅಂದ್ರೆ ಕಣ್ಣು ಹೋಯ್ತು ಅಂತಾನೇ ಲೆಕ್ಕ. ಮೂಗಿನ ತುದೀಲಿರೋ ಒಂದೊಂದು ಚುಕ್ಕೇನೂ ಎಣಿಸೋ ಹಂಗೆ ಬಂದಿರತ್ತೆ, ಕಣ್ಣು ನೋಡಿದ್ರೆ ಮಂಜು ಮಂಜು. ಎಫ್ 4ಕ್ಕೆ ಹೋದ್ರೆ ಎರಡು ಸೆಂಟಿಮೀಟರ್ ಮೇಲೆ ಸಿಗತ್ತೆ, ಆದ್ರೆ ಬೆಳಕು ಕಾಲು ಭಾಗಕ್ಕಿಂತ ಕಮ್ಮಿ ಆಗಿ ಐಎಸ್‌ಒ (ಸೆನ್ಸರಿನ ಬೆಳಕಿನ ಸೂಕ್ಷ್ಮತೆ) ಮೇಲಕ್ಕೆ ಓಡತ್ತೆ, ಕಪ್ಪು ರೋಮದ ತುಂಬಾ ನಾಯ್ಸ್, ಅಂದ್ರೆ ಮರಳು ಚೆಲ್ಲಿದಂಥ ಚುಕ್ಕೆಗಳು. ಈಗ ಕರಿಯನಿಗೆ ಮಾತ್ರ ಕಣ್ಣು ಹುಡುಕೋದನ್ನ ಆಫ್ ಮಾಡಿ ಒಂದೇ ಪಾಯಿಂಟ್ ಇಟ್ಕೊಂಡು, ಎಕ್ಸ್‌ಪೋಷರ್ ಒಂದು ಸ್ಟಾಪ್ ಮೈನಸ್ ಮಾಡಿ, ಅಂದ್ರೆ ಬೆಳಕು ಅರ್ಧಕ್ಕೆ ಇಳಿಸಿ ತೆಗೀತೀನಿ, ಯಾಕಂದ್ರೆ ಕ್ಯಾಮೆರಾದ ಬೆಳಕು ಅಳೆಯೋ ಮೀಟರ್ ಎಲ್ಲಾನೂ ನಡುವಿನ ಬೂದು ಬಣ್ಣಕ್ಕೆ ತರೋಕೆ ನೋಡತ್ತೆ, ಬಿಟ್ರೆ ಕರಿಯ ಬೂದಿಯಲ್ಲಿ ಹೊರಳಿ ಬಂದವನ ಹಾಗೆ ಬರ್ತಾನೆ. ಬೆಳ್ಳಿಗೆ ಇದರ ಉಲ್ಟಾ, ಪ್ಲಸ್. ಇಷ್ಟೆಲ್ಲಾ ಕೈಯಲ್ಲೇ ಮಾಡ್ಕೋಬೇಕು ಅಂದ್ರೆ ಹಳೇ ಡಿಎಸ್‌ಎಲ್‌ಆರ್ ಏನು ಪಾಪ ಮಾಡಿತ್ತು? ಮೂರ್ನಾಲ್ಕು ತಿಂಗಳು ನನಗೆ ಇದೇ ಸಿಟ್ಟು, ಮಾರೋಕೆ ಅಂತ ಬಾಡಿಯ ಫೋಟೋ ಕೂಡ ತೆಗೆದಿಟ್ಟಿದ್ದೆ.

ಮಾರ್ದೇ ಇರೋಕೆ ಕಾರಣ, ಯಾವ ಜಾಹೀರಾತಲ್ಲೂ ಯಾರೂ ದೊಡ್ಡದಾಗಿ ಹೇಳದ ಒಂದು ವಿಷಯ: ತಿರುಗೋ ಸ್ಕ್ರೀನು.

ಬೀದಿ ಮರಿಗಳ ಫೋಟೋ ತೆಗ್ದವ್ರಿಗೆ ಗೊತ್ತಿರತ್ತೆ, ಕ್ಯಾಮೆರಾ ಎತ್ತಿ ಕಣ್ಣಿಗಿಟ್ಟ ತಕ್ಷಣ ಅವು ಮಾಯ. ಬೆಕ್ಕುಗಳ ಲೋಕದಲ್ಲಿ ದಿಟ್ಟಿಸಿ ನೋಡೋದು ಅಂದ್ರೆ ಜಗಳಕ್ಕೆ ಕರೆದ ಹಾಗೆ, ಅದರಲ್ಲೂ ಮುಖ ಮುಚ್ಕೊಂಡು ಅಷ್ಟು ದೊಡ್ಡ ಗಾಜಿನ ಕಣ್ಣಲ್ಲಿ ನೋಡಿದ್ರೆ ಯಾವ ಮರಿ ನಿಲ್ಲತ್ತೆ. ಈಗ ನಾನು ಮಾಡೋದು ಇಷ್ಟೇ. ಬೆಳಿಗ್ಗೆ ಹಿತ್ತಲ ಬಾಗಿಲ ಮೆಟ್ಟಿಲ ಮೇಲೆ ಕೂತು, ಕ್ಯಾಮೆರಾನ ಕೆಳಗಿನ ಮೆಟ್ಟಿಲ ಮೇಲೆ ಇಟ್ಟು, ಸ್ಕ್ರೀನ್ ಮೇಲಕ್ಕೆ ತಿರುಗಿಸ್ಕೊಂಡು ತಲೆ ತಗ್ಗಿಸಿ ಸುಮ್ನೆ ಕೂರೋದು. ಬೆರಳು ಬಟನ್ ಮೇಲಿರತ್ತೆ, ಕಣ್ಣು ಮರಿಗಳ ಮೇಲಿರಲ್ಲ. ಮೊದಲು ತಾಯಿ ಬರತ್ತೆ, ನನ್ನನ್ನ ಒಂದು ಸಲ, ಕ್ಯಾಮೆರಾನ ಒಂದು ಸಲ ನೋಡಿ ಬೆನ್ನು ತಿರುಗಿಸಿ ಕೂತ್ಕೊಂಡು ಮೈ ನೆಕ್ಕೋಕೆ ಶುರು ಮಾಡತ್ತೆ. ಅದು ಬೆನ್ನು ತೋರಿಸಿದ್ದೇ ಮರಿಗಳಿಗೆ ಸಿಗ್ನಲ್ಲು ಅನ್ಸತ್ತೆ, ನೀರಿನ ಡ್ರಮ್ಮಿನ ಹಿಂದಿನಿಂದ ಮೊದಲು ಎರಡು ಕಿವಿ, ಆಮೇಲೆ ಅರ್ಧ ಮುಖ, ಆಮೇಲೆ ಒಂದು ಕೆಂಚ ಮರಿ ಪೂರ್ತಿ ಹೊರಗೆ ಬಂದು ಸ್ಟ್ರಾಪ್ ಮೇಲೆ ಹಾರತ್ತೆ. ಲೆನ್ಸ್ ಮರಿಯ ಕಣ್ಣಿನ ಮಟ್ಟದಲ್ಲೇ ಇರೋದ್ರಿಂದ ಮೇಲಿನಿಂದ ತೆಗೆದಾಗ ಬರೋ ದೊಡ್ಡ ತಲೆ ಪುಟ್ಟ ಕಾಲಿನ ಗೊಂಬೆ ಬರಲ್ಲ, ಹುಲಿ ಬರತ್ತೆ.

ಮುಖಕ್ಕೆ ಕ್ಯಾಮೆರಾ ಅಡ್ಡ ಇಲ್ಲದೇ ಇರೋದ್ರಿಂದ ಇನ್ನೊಂದು ಲಾಭ. ತಾಯಿ ಕಡೆ ನೋಡಿ ನಿಧಾನಕ್ಕೆ ಕಣ್ಣು ಮುಚ್ಚಿ ತೆಗೀಬಹುದು. ಇದು ಬೆಕ್ಕು ಸಾಕೋರ ಮೂಢನಂಬಿಕೆ ಅಂದ್ಕೋಬೇಡಿ, 2020ರಲ್ಲಿ ಇಂಗ್ಲೆಂಡಿನ ಸಂಶೋಧಕರು ಪರೀಕ್ಷೆ ಮಾಡಿ ಪ್ರಕಟಿಸಿದ್ದಾರೆ, ಹೀಗೆ ನಿಧಾನಕ್ಕೆ ಕಣ್ಣು ಮಿಟುಕಿಸಿದ ಅಪರಿಚಿತರ ಹತ್ರ ಬರೋಕೆ ಬೆಕ್ಕುಗಳು ಹೆಚ್ಚು ಒಪ್ಕೊಳ್ತವಂತೆ. ತಾಯಿನೂ ಒಮ್ಮೊಮ್ಮೆ ತಿರುಗಿ ಮಿಟುಕಿಸತ್ತೆ. ಆ ಅರ್ಧ ಮುಚ್ಚಿದ ಕಣ್ಣಿನ ಮುಖಾನೇ ನನಗೆ ಬೇಕಾಗಿರೋ ಫೋಟೋ, ಮತ್ತೆ ಸರಿಯಾಗಿ ಆ ಹೊತ್ತಿಗೇ ಕಣ್ಣು ಹಿಡಿಯೋ ಫೋಕಸ್ "ಕಣ್ಣೆಲ್ಲಿ" ಅಂತ ಕೈ ಬಿಡತ್ತೆ. ಯಾರನ್ನ ಬೈಯೋದು ಹೇಳಿ.

ಸೈಲೆಂಟ್ ಶಟರ್ ಬಗ್ಗೆ ಎಲ್ಲರೂ ಹೊಗಳ್ತಾರೆ, ನಾನೂ ಹೊಗಳ್ತೀನಿ, ಆದ್ರೆ ಪೂರ್ತಿ ಸೈಲೆಂಟ್ ಅಂತ ಒಪ್ಪಲ್ಲ. ನಮಗೆ ಹೆಚ್ಚಂದ್ರೆ 20 ಕಿಲೋಹರ್ಟ್ಸ್‌ವರೆಗೆ ಕೇಳತ್ತೆ, ಬೆಕ್ಕಿಗೆ 60 ದಾಟಿನೂ ಕೇಳತ್ತೆ. ಶಟರ್ ಸದ್ದಿಲ್ಲ ಸರಿ, ಲೆನ್ಸಿನ ಮೋಟರ್ ಫೋಕಸ್ ಹುಡುಕ್ತಾ ಹಿಂದೆ ಮುಂದೆ ಹೋದಾಗೆಲ್ಲ ಕರಿಯನ ಒಂದು ಕಿವಿ ಮಾತ್ರ ಈ ಕಡೆ ತಿರುಗತ್ತೆ, ಮುಖ ಅಲ್ಲಾಡಲ್ಲ. ಇನ್ನು ಕೆಲವು ಎಲ್‌ಇಡಿ ಬಲ್ಬಿನ ಕೆಳಗೆ ಸೈಲೆಂಟ್ ಮೋಡಲ್ಲಿ ತೆಗೆದ್ರೆ ಫೋಟೋ ತುಂಬಾ ಅಡ್ಡಪಟ್ಟಿ ಬರತ್ತೆ, 50 ಹರ್ಟ್ಸ್ ಕರೆಂಟಲ್ಲಿ ದೀಪ ಸೆಕೆಂಡಿಗೆ 100 ಸಲ ಮಿನುಗೋದ್ರಿಂದ. ಶಟರ್ ವೇಗ ಸೆಕೆಂಡಿನ 1/100ಕ್ಕೆ ಇಳಿಸಿದ್ರೆ ಪಟ್ಟಿ ಹೋಗತ್ತೆ, ಆದ್ರೆ 1/100ರಲ್ಲಿ ಮರಿ ಸಿಗಲ್ಲ, ಆಟಕ್ಕೆ ಬಿದ್ದ ಮರಿಗೆ 1/500 ಆದ್ರೂ ಬೇಕು. ಹಾಗಾಗಿ ರಾತ್ರಿ ಹೊತ್ತು ಮಲಗಿರೋರ ಫೋಟೋ ಮಾತ್ರ. ಫ್ಲ್ಯಾಶ್ ಅಂತೂ ಮುಟ್ಟೋದೇ ಇಲ್ಲ, ಕಣ್ಣಿನ ಹಿಂದಿರೋ ಪದರ ಬೆಳಕನ್ನ ವಾಪಸ್ ಎಸೆದು ಹಸಿರು ದೆವ್ವ ಬರತ್ತೆ. ಅಂದಹಾಗೆ ಫೋಕಸ್‌ಗೆ ಸಹಾಯ ಮಾಡೋ ಕಿತ್ತಳೆ ದೀಪ ಇದ್ಯಲ್ಲ, ಮೆನುಗೆ ಹೋಗಿ ಮೊದಲ ದಿನಾನೇ ಅದನ್ನ ಆಫ್ ಮಾಡಿ.

ಲೆನ್ಸ್ ಬಗ್ಗೆ ಒಂದೇ ದೂರು. ಒಂದೂವರೆ ಅಡಿಗಿಂತ ಹತ್ರ ಬಂದ್ರೆ ಫೋಕಸ್ ಆಗಲ್ಲ, ಮರಿಗಳಿಗೆ ಈ ವಿಷಯ ಯಾರೂ ಹೇಳಿಲ್ಲ. ನೇರ ಬಂದು ಗಾಜಿಗೆ ಮೂಗು ಒತ್ತಿ ಮೂಸ್ತವೆ, ಒದ್ದೆ ಮೂಗಿನ ಗುಂಡಗಿನ ಕಲೆ, ಅದರ ಪಕ್ಕ ಉಸಿರಿನ ಆವಿ. ಮುಂದೊಂದು ಫಿಲ್ಟರ್ ಹಾಕಿಟ್ಟಿದ್ದೀನಿ, ದಿನಾ ಒಳಗೆ ಬಂದ್ಮೇಲೆ ಬ್ಲೋವರ್‌ನಿಂದ ಮೊದಲು ರೋಮ ಹಾರಿಸಿ ಆಮೇಲೆ ಮೈಕ್ರೋಫೈಬರ್ ಬಟ್ಟೇಲಿ ನಡುವಿನಿಂದ ಹೊರಕ್ಕೆ ಒರೆಸ್ತೀನಿ, ಈ ಕೆಲಸ ಅದ್ಯಾಕೋ ಫೋಟೋ ತೆಗೆಯೋದಕ್ಕಿಂತ ಖುಷಿ ಕೊಡತ್ತೆ.

ಇನ್ನೊಂದು ಉಪಯೋಗ ಆಮೇಲೆ ಗೊತ್ತಾಗಿದ್ದು. ಪ್ರತಿ ಫೈಲಲ್ಲೂ ತಾರೀಕು ಇರತ್ತಲ್ಲ, ಸಾಲಾಗಿ ನೋಡ್ತಾ ಹೋದ್ರೆ ಮರಿಗಳ ಕಣ್ಣು ನೀಲಿಯಿಂದ ಹಸಿರು ಹಳದಿ ಕಡೆ ತಿರುಗೋದು ಕಾಣತ್ತೆ, ಹುಟ್ಟಿ ಆರೇಳು ವಾರ ಆದ್ಮೇಲೆ ಶುರುವಾಗೋ ಬದಲಾವಣೆ ಅದು. ಮರಿಗಳಿಗೆ ಮನೆ ಹುಡುಕೋವಾಗ ಎಷ್ಟು ದಿನದ್ದು ಅಂತ ಎಲ್ಲರೂ ಕೇಳ್ತಾರೆ, ಆಗ ಈ ಫೋಟೋಗಳೇ ಆಧಾರ ಆದ್ವು. ಎರಡು ಕೆಂಚ ಮರಿಗಳು ಒಂದೇ ಥರ, ಎಡ ಬಲ ಎರಡೂ ಪಕ್ಕದ ಫೋಟೋ ಇಟ್ಕೊಂಡಿದ್ರಿಂದ ಯಾವುದು ಯಾರ ಮನೆಗೆ ಹೋಯ್ತು ಅನ್ನೋ ಗೊಂದಲ ಆಗ್ಲಿಲ್ಲ. ತಾಯಿಗೆ ಆಪರೇಷನ್ ಆಗಿ ಎಡಗಿವಿ ತುದಿ ಕತ್ತರಿಸಿ ಬಿಟ್ಟಿದ್ದಾರೆ, ಅದು ಇನ್ನು ಮರಿ ಹಾಕಲ್ಲ ಅನ್ನೋದರ ಗುರುತು. ಮೂರು ಬಣ್ಣದ ಬೆಕ್ಕುಗಳು ಹೆಚ್ಚುಕಮ್ಮಿ ಎಲ್ಲಾ ಹೆಣ್ಣೇ, ಕೆಂಚು ಬಣ್ಣದ ಜೀನ್ ಎಕ್ಸ್ ಕ್ರೋಮೋಸೋಮಲ್ಲಿ ಇರೋದ್ರಿಂದ ಕೆಂಚು ಕಪ್ಪು ಎರಡೂ ಬರೋಕೆ ಎರಡು ಎಕ್ಸ್ ಬೇಕು. ಒಂದೇ ಮೈಯಲ್ಲಿ ಬಿಳಿ, ಕಪ್ಪು, ಕೆಂಚು ಇರೋ ಈ ತಾಯಿಗೆ ಎಕ್ಸ್‌ಪೋಷರ್ ಹೊಂದಿಸೋದು ಬೇರೆಯೇ ಪಾಡು, ನಾನು ಬಿಳಿ ಭಾಗ ಸುಟ್ಟು ಹೋಗದ ಹಾಗೆ ನೋಡ್ಕೊಂಡು ಕಪ್ಪನ್ನ ಆಮೇಲೆ ಸಾಫ್ಟ್‌ವೇರಲ್ಲಿ ಎತ್ತುತ್ತೀನಿ.

ಹಾಗಾದ್ರೆ ತಗೋಬಹುದಾ? ಮನೇಲಿರೋದು ಕಪ್ಪು ಬೆಕ್ಕು ಮಾತ್ರ ಅಂದ್ರೆ ಕಣ್ಣು ಹಿಡಿಯೋ ಫೀಚರ್‌ಗೋಸ್ಕರ ಹೆಚ್ಚು ದುಡ್ಡು ಸುರೀಬೇಡಿ, ಆ ದುಡ್ಡಲ್ಲಿ ದೊಡ್ಡ ಅಪರ್ಚರ್ ಲೆನ್ಸ್ ತಗೊಳ್ಳಿ. ಸ್ಕ್ರೀನ್ ಮಾತ್ರ ಪಕ್ಕಕ್ಕೆ ತೆರೆದು ತಿರುಗೋದೇ ಇರ್ಲಿ, ಅಲ್ಲಾಡದ ಸ್ಕ್ರೀನಿನ ಬಾಡಿ ಯಾರಾದ್ರೂ ಬಿಟ್ಟಿ ಕೊಟ್ರೂ ನನಗೆ ಬೇಡ. ಹೀಗೆ ಕಾಯ್ತಾ ಕೂರೋ ಕೆಲಸಕ್ಕೆ ಒಂದು ಬ್ಯಾಟರಿ ಸಾಲಲ್ಲ, ಇನ್ನೊಂದು ಇಟ್ಕೊಳ್ಳಿ. ನನ್ನ ಬಾಡಿಗೆ ಮರುಮಾರಾಟದ ಬೆಲೆ ಅಂತ ಈಗ ಏನೂ ಉಳಿದಿಲ್ಲ, ವ್ಯೂಫೈಂಡರಿನ ರಬ್ಬರನ್ನ ಕೆಂಚ ಮರಿ ಕಚ್ಚಿ ಕಿತ್ತು ಹಾಕಿದೆ, ಬದಲಿ ರಬ್ಬರ್ ತರಿಸೋ ಯೋಚನೆನೂ ಇಲ್ಲ, ಅದಕ್ಕೆ ಕಣ್ಣಿಟ್ಟು ನೋಡಿ ಯಾವ ಕಾಲ ಆಯ್ತೋ.